ಅವಳಿಗೆ ಓದಲು ಸಿಕ್ಕ ತುಟಿಗಳು

ಹೋದ ತಿಂಗಳು ಅವಳು ತೀರಿಕೊಂಡ ಸುದ್ದಿ ಬಂತು. ನಮ್ಮ ಹಳೆಯ ಆಫೀಸಿನ ಸ್ಟೆನೊ ಹುಡುಗಿ (ಈಗ ಅವಳೂ ಹುಡುಗಿಯೇನಲ್ಲ) ಮೊಬೈಲಿಗೆ ಒಂದು ಫೋಟೊ ಕಳಿಸಿ, ಕೆಳಗೆ ಎರಡು ಸಾಲು ಬರೆದಿದ್ದಳು. ನಾನು ಕನ್ನಡಕ ಏರಿಸಿಕೊಂಡು ಅದನ್ನೇ ನೋಡುತ್ತಿದ್ದಾಗ ಮಗಳು ಬಂದು ಹೆಗಲ ಮೇಲಿಂದ ಇಣುಕಿದಳು.

"ಅರೇ, ಇದು ಟಾರ್ಚ್‌ವಾಲಿ ಆಂಟಿ ಅಲ್ವಾ ಅಮ್ಮಾ? ನಿನ್ನ ಬೆಸ್ಟ್ ಫ್ರೆಂಡ್ ಇದ್ರಲ್ಲ?"

ನಾನು ಹೂಂ ಎಂದೆ. ಆ ಹೂಂ ಪೂರ್ತಿ ನಿಜವಲ್ಲದ್ದರಿಂದಲೇ ಇದನ್ನು ಬರೆಯಲು ಕೂತಿದ್ದೇನೆ. ಅವಳ ಹೆಸರು ಹಾಕುವುದಿಲ್ಲ. ಅದನ್ನು ಬಳಸುವ ಸಲಿಗೆ ನನಗೆ ಉಳಿದಿಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಅವಳು ವರ್ಗವಾಗಿ ನಮ್ಮ ಸೆಕ್ಷನ್ನಿಗೆ ಬಂದಳು. ದೆಹಲಿಯ ಕೇಂದ್ರ ಸರ್ಕಾರದ ದೊಡ್ಡ ಕಟ್ಟಡದಲ್ಲಿ ನಮ್ಮದು ಎರಡನೆಯ ಮಹಡಿ. ನಾನು ಅಸಿಸ್ಟೆಂಟ್, ಐವತ್ತು ದಾಟಿದ್ದೆ. ಅವಳು ಯು.ಡಿ.ಸಿ., ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಗುಮಾಸ್ತೆ, ವಯಸ್ಸು ಮೂವತ್ತೈದರ ಆಸುಪಾಸು. ಬಂದ ದಿನ ಪ್ರತಿ ಟೇಬಲ್ಲಿಗೂ ಹೋಗಿ ಟೈಪ್ ಮಾಡಿದ ಒಂದೊಂದು ಚೀಟಿ ಇಟ್ಟಳು. ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಒಂದೇ ಒಕ್ಕಣೆ: ನನಗೆ ಕಿವಿ ಕೇಳಿಸುವುದಿಲ್ಲ, ಎದುರು ನಿಂತು ಮಾತಾಡಿ, ದಯವಿಟ್ಟು ಕೂಗಬೇಡಿ.

ನಾನು ಆಗ ಫೋನಿನಲ್ಲಿ ಮೈಸೂರಿನ ತಂಗಿಯೊಡನೆ ಉಪ್ಪಿನಕಾಯಿ ಬೂಸ್ಟು ಹಿಡಿದ ಗೋಳು ಹೇಳಿಕೊಳ್ಳುತ್ತಿದ್ದೆ. ಫೋನ್ ಇಟ್ಟ ಕೂಡಲೆ ಅವಳು ಚೀಟಿ ಕೊಡುವುದನ್ನೂ ಮರೆತು, ಏರಿಳಿತವಿಲ್ಲದ ದೊಡ್ಡ ದನಿಯಲ್ಲಿ ಹೇಳಿದಳು: "ಉಪ್ಪು ಕಮ್ಮಿ ಆಗಿದೆ ಅಕ್ಕ. ಅದಕ್ಕೇ ಬೂಸ್ಟು ಬಂದಿರೋದು."

ಸೆಕ್ಷನ್ನಿನವರೆಲ್ಲ ತಲೆಯೆತ್ತಿ ನೋಡಿದರು. ನಾನು ಬೆಪ್ಪಾದೆ. ಅವಳು ಬಾಗಿಲ ಬಳಿ ನಿಂತೇ ನನ್ನ ತುಟಿಯನ್ನು ಓದಿಬಿಟ್ಟಿದ್ದಳು.

ಹಾಸನದ ಕಡೆಯವಳು. ಎಂಟನೆಯ ವಯಸ್ಸಿನಲ್ಲಿ ಬಂದ ಜ್ವರ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಅಷ್ಟರಲ್ಲಿ ಕನ್ನಡ ಬಾಯಿಗೆ ಬಂದಾಗಿತ್ತು, ಹಾಗಾಗಿ ಮಾತು ಉಳಿಯಿತು. ಊರಿನಲ್ಲಿ ಕಿವುಡ ಮಕ್ಕಳ ಶಾಲೆ ಇರಲಿಲ್ಲ, ಇದ್ದ ಶಾಲೆಯಲ್ಲೇ ಮೊದಲ ಬೆಂಚಿನಲ್ಲಿ ಕೂರಿಸಿದರು. "ಮೇಷ್ಟ್ರು ಬೋರ್ಡಿಗೆ ಪಾಠ ಹೇಳ್ತಿದ್ರು. ಅವರ ಬೆನ್ನು ನೋಡಿಯೇ ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ ನಾನು" ಎನ್ನುತ್ತಿದ್ದಳು. ಪಕ್ಕದ ಹುಡುಗಿಯ ನೋಟ್ಸ್ ನಕಲು ಮಾಡಿ, ಲೈಬ್ರರಿಯ ಪುಸ್ತಕ ತಂದು ಬಿ.ಎ. ಕೂಡ ಮುಗಿಸಿದಳು. ಅಂಗವಿಕಲರ ಮೀಸಲಿನಲ್ಲಿ ಪರೀಕ್ಷೆ ಬರೆದಳು. ದೆಹಲಿಗೆ ನೇಮಕವಾಯಿತು.

ದೆಹಲಿಗೆ ಬಂದ ಮೇಲೆ ಗೊತ್ತಾದದ್ದೆಂದರೆ, ಅವಳಿಗೆ ಓದಲು ಬರುತ್ತಿದ್ದದ್ದು ಕನ್ನಡದ ತುಟಿಗಳು ಮಾತ್ರ. ಇಂಗ್ಲಿಷನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಹಿಂದಿಯನ್ನೂ ಓದಿ ಬರೆದು ಕಲಿತಿದ್ದಳು. ಆದರೆ ಹಿಂದಿ ಆಡುವ ಬಾಯಿ ಅವಳ ಪಾಲಿಗೆ ಸುಮ್ಮನೆ ತೆರೆದು ಮುಚ್ಚುವ ಬಾಯಿ. ಇಡೀ ಸೆಕ್ಷನ್ನಿನಲ್ಲಿ ಕನ್ನಡದ ಬಾಯಿ ಇದ್ದದ್ದು ನನ್ನದೊಂದೇ.

ಹಾಗೆ ನಾನು ಅವಳ ಕಿವಿಯಾದೆ. ಯಾರೂ ಕೇಳಿಕೊಂಡದ್ದಲ್ಲ, ತಾನಾಗಿಯೇ ಆಯಿತು.

ಅವಳು ಮುನಿರ್ಕಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು, ನಾವು ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿದ್ದೆವು. ಆಫೀಸಿನವರು ಸೇರಿ ಗೊತ್ತುಮಾಡಿದ್ದ ಚಾರ್ಟರ್ಡ್ ಬಸ್ಸಿಗೆ ಅವಳು ಮೊದಲು ಹತ್ತುತ್ತಿದ್ದಳು. ಕಿಟಕಿಯ ಪಕ್ಕ ತಾನು ಕೂತು, ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು ನನಗೆ ಜಾಗ ಕಾಯುತ್ತಿದ್ದಳು. ನಾನು ಒಮ್ಮೆ ಕಿಟಕಿ ಕೇಳಿದ್ದಕ್ಕೆ, "ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು ಅಕ್ಕ, ನನ್ನ ಮುಖದ ಮೇಲೆ ಬಿದ್ದರೆ ಏನು ಪ್ರಯೋಜನ?" ಎಂದಳು. ಚಳಿಗಾಲದಲ್ಲಿ ಸಂಜೆ ಐದೂವರೆಗೇ ಬಸ್ಸಿನೊಳಗೆ ಮಬ್ಬು. ಅವಳು ಬ್ಯಾಗಿನಿಂದ ಪುಟ್ಟ ಟಾರ್ಚು ತೆಗೆದು ನನ್ನ ಗದ್ದಕ್ಕೆ ಬಿಡುತ್ತಿದ್ದಳು. ಸ್ವೆಟರ್ ಹೆಣೆಯುತ್ತಿದ್ದ ಹೆಂಗಸರು, ಬಟಾಣಿ ಸುಲಿಯುತ್ತಿದ್ದವರು ಎಲ್ಲ ತಿರುಗಿ ನಗುತ್ತಿದ್ದರು. ನನ್ನ ಮಗಳಿಗೆ ಅವಳು ಟಾರ್ಚ್‌ವಾಲಿ ಆಂಟಿ ಆದದ್ದು ಹೀಗೆ. ನನಗೆ ನಾಚಿಕೆಯಾಗುತ್ತಿತ್ತು. ಅವಳಿಗೆ ಆಗುತ್ತಿರಲಿಲ್ಲ.

ಮೀಸೆಯವರನ್ನು ಕಂಡರೆ ಅವಳಿಗೆ ಆಗದು. "ತುಟಿಗೆ ಪರದೆ ಕಟ್ಕೊಂಡು ಓಡಾಡ್ತಾರೆ" ಎಂದು ಬೈಯುತ್ತಿದ್ದಳು. ಸದಾ ಪಾನ್ ಜಗಿಯುತ್ತಿದ್ದ ನಮ್ಮ ಸೆಕ್ಷನ್ ಆಫೀಸರರನ್ನಂತೂ ಕೈಬಿಟ್ಟೇಬಿಟ್ಟಿದ್ದಳು. ಎದೆಗೆ ಕಟ್ಟಿಕೊಳ್ಳುವ ಡಬ್ಬಿಯಂಥ ಒಂದು ಶ್ರವಣಯಂತ್ರ ಇತ್ತು. ಅದರಲ್ಲಿ ಬರೀ ಗರಗರ ಸದ್ದು ಬರುತ್ತಿತ್ತಂತೆ. ಆದರೂ ಮೇಲಧಿಕಾರಿಗಳ ಕೋಣೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದಳು. ಯಾಕೆ ಎಂದರೆ, "ನನಗೆ ಕೇಳಿಸಲಿ ಅಂತಲ್ಲ. ಕೇಳಿಸಲ್ಲ ಅನ್ನೋದು ಅವರಿಗೆ ಜ್ಞಾಪಕ ಇರಲಿ ಅಂತ."

ಚಳಿಗಾಲದ ಊಟದ ಹೊತ್ತಿನಲ್ಲಿ ಹುಲ್ಲುಹಾಸಿನ ಮೇಲೆ ಹೆಂಗಸರೆಲ್ಲ ಸುತ್ತಲೂ ಕೂತು, ಕಡಲೆಕಾಯಿ ಬಿಡಿಸುತ್ತ ಹರಟೆ ಹೊಡೆಯುತ್ತಿದ್ದೆವು. ಎಲ್ಲರೂ ನಕ್ಕ ಕೂಡಲೆ ಅವಳು ನನ್ನ ಮೊಣಕೈ ಹಿಡಿಯುತ್ತಿದ್ದಳು.

"ಯಾಕೆ ನಕ್ಕರು?"

"ಆಮೇಲೆ ಹೇಳ್ತೀನಿ."

"ಈಗಲೇ ಹೇಳಿ ಅಕ್ಕ. ಜೋಕು ಆಮೇಲೆ ಹೇಳಿದ್ರೆ ವರದಿ ಆಗುತ್ತೆ."

ಹೇಳುತ್ತಿದ್ದೆ. ಮೊದಲ ಎರಡು ವರ್ಷ ಒಂದೂ ಬಿಡದೆ ಹೇಳಿದೆ. ಅಷ್ಟರಲ್ಲಿ ನಾಲ್ಕು ಮಾತು ಮುಂದೆ ಹೋಗಿರುತ್ತಿತ್ತು, ನಾನೂ ತಪ್ಪಿಸಿಕೊಳ್ಳುತ್ತಿದ್ದೆ. ದಣಿವಾಗುತ್ತಿತ್ತು. ನಿಜ ಹೇಳಬೇಕೆಂದರೆ, ಅದರ ಜೊತೆಗೇ ಒಂದು ಸುಖವೂ ಇತ್ತು. ನಾನಿಲ್ಲದೆ ಇವಳಿಗೆ ಆಗದು ಎಂಬ ಸುಖ. ಬಂಧುಗಳ ಮನೆಗಳಲ್ಲಿ ಅದನ್ನು ಹೇಳಿಕೊಂಡು ಹೊಗಳಿಸಿಕೊಂಡದ್ದೂ ಉಂಟು.

ಮೂರನೆಯ ವರ್ಷ ಅವಳು ಭಾನುವಾರಗಳಂದು ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಕನಾಟ್ ಪ್ಲೇಸಿನ ಪಾರ್ಕಿನಲ್ಲಿ ಕಿವುಡರ ಒಂದು ಗುಂಪನ್ನು ಕಂಡಳಂತೆ. ಓಖ್ಲಾದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೊಲಿಗೆ, ಚೆಕಿಂಗ್ ಮಾಡುವ ಹೆಣ್ಣುಮಕ್ಕಳು. ಅವರಿಂದ ಅವಳು ಕೈಸನ್ನೆಯ ಭಾಷೆ ಕಲಿಯತೊಡಗಿದಳು. ಪ್ರತಿಯಾಗಿ ಮುನಿರ್ಕಾದ ಕೋಣೆಯಲ್ಲಿ ಅವರಿಗೆ ಅರ್ಜಿ ಬರೆಯುವುದು, ಕಾರ್ಖಾನೆಯ ನೋಟೀಸು ಓದುವುದು ಕಲಿಸಿದಳು. "ಅಲ್ಲಿ ಯಾರನ್ನೂ ಮುಖ ಈ ಕಡೆ ತಿರುಗಿಸಿ ಅಂತ ಬೇಡಬೇಕಾಗಿಲ್ಲ ಅಕ್ಕ" ಎಂದು ಹೇಳುವಾಗ ಅವಳ ಕೈಗಳು ತಾವಾಗಿಯೇ ಆಡುತ್ತಿದ್ದವು. ಬಸ್ಸಿನಲ್ಲಿ ಹಾಗೆ ಕೈ ಆಡಿಸಬೇಡವೆಂದು ನಾನು ಅವಳ ಮಣಿಕಟ್ಟು ಹಿಡಿದು ಮಡಿಲಿಗೆ ಇಳಿಸಿದೆ.

ಮರುವರ್ಷ ಅವಳ ಬಡ್ತಿಯ ಸರದಿ ಬಂತು. ಅವಳು ಅಸಿಸ್ಟೆಂಟ್ ಆಗಬೇಕು, ನಮ್ಮ ಸೆಕ್ಷನ್ನಿನಲ್ಲೇ ಸ್ಥಾನ ಖಾಲಿಯಿತ್ತು. ಅವಳ ಕೆಲಸದಲ್ಲಿ ಯಾರಿಗೂ ತಕರಾರಿರಲಿಲ್ಲ. ನಮ್ಮ ಕರಡುಗಳನ್ನೆಲ್ಲ ಕೆಂಪು ಪೆನ್ಸಿಲಿನಿಂದ ತಿದ್ದಿಕೊಡುತ್ತಿದ್ದವಳೇ ಅವಳು. ಬೇಡದ ಮಾತು ಒಂದಿದ್ದರೂ ಹೊಡೆದುಹಾಕುತ್ತಿದ್ದಳು.

ಒಂದು ದಿನ ಸೆಕ್ಷನ್ ಆಫೀಸರಿಗೂ ಮೇಲಿನವರಾದ ಅಂಡರ್ ಸೆಕ್ರೆಟರಿ ನಮ್ಮಿಬ್ಬರನ್ನೂ ಕರೆಸಿದರು. ಅವಳು ಕಡತ ಹಿಡಿದು, ಎದೆಯ ಮೇಲೆ ಆ ಡಬ್ಬಿ ಕಟ್ಟಿಕೊಂಡು ನನ್ನ ಪಕ್ಕದಲ್ಲೇ ನಿಂತಳು. ಅವರು ಅವಳ ಕಡೆ ನೋಡಲೇ ಇಲ್ಲ. ನನ್ನನ್ನು ಹಿಂದಿಯಲ್ಲಿ ಕೇಳಿದರು, ನೀವಿಬ್ಬರೂ ಒಂದೇ ಕಡೆಯವರು, ನೀವೇ ಹೇಳಿ, ಈಕೆ ಅಸಿಸ್ಟೆಂಟ್ ಕೆಲಸ ನಿಭಾಯಿಸಬಲ್ಲಳೇ?

ಉತ್ತರ ಹೇಳಲು ನಾನು ತೆಗೆದುಕೊಂಡದ್ದು ಎರಡು ಕ್ಷಣವಿರಬಹುದು. ಆ ಎರಡು ಕ್ಷಣದಲ್ಲಿ ನನ್ನ ತಲೆಯಲ್ಲಿ ಬಂದದ್ದನ್ನೆಲ್ಲ ಈಗಲೂ ಹೇಳಬಲ್ಲೆ. ಪಾರ್ಲಿಮೆಂಟ್ ಅಧಿವೇಶನದ ದಿನಗಳಲ್ಲಿ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಇವಳು ಪಕ್ಕದ ಟೇಬಲ್ಲಿಗೆ ಬಂದರೆ ಇವಳ ಫೋನನ್ನೂ ನಾನೇ ಎತ್ತಬೇಕು. ಮಗಳದು ಹನ್ನೆರಡನೆಯ ಕ್ಲಾಸು, ಬೋರ್ಡ್ ಪರೀಕ್ಷೆ. ಐದೂವರೆಯ ಬಸ್ಸು ತಪ್ಪಿದರೆ ಮನೆ ಮುಟ್ಟುವುದು ಯಾವಾಗಲೋ. ಫ್ಯಾಕ್ಸ್ ಇದೆ, ಇ-ಮೇಲ್ ಬಂದಿದೆ, ಫೋನಿಗೆ ಬೇರೊಬ್ಬರನ್ನು ಹಾಕಬಹುದು ಎಂಬುದೂ ತಲೆಗೆ ಬಂದಿತ್ತು. ಬಂದಿರಲಿಲ್ಲ ಎನ್ನಲಾರೆ.

"ಫೋನ್ ಕಾ ಕಾಮ್ ಹೈ ಸರ್. ಮುಷ್ಕಿಲ್ ಹೋಗಾ" ಎಂದೆ. ಫೋನಿನ ಕೆಲಸ, ಕಷ್ಟವಾದೀತು.

ನಾನು ಮುಖ ತಿರುಗಿಸಬೇಕಾಗಲಿಲ್ಲ, ದನಿ ತಗ್ಗಿಸಬೇಕಾಗಲಿಲ್ಲ. ಹಿಂದಿಯೊಂದೇ ಸಾಕಾಯಿತು. ಅವರು ಕಾಗದದ ಮೇಲೆ ಏನೋ ಬರೆದುಕೊಂಡರು.

ಹೊರಗೆ ಬಂದ ಮೇಲೆ ಅವಳು ನನ್ನನ್ನು ಕಾರಿಡಾರಿನ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ಕೇಳಿದಳು. "ಏನಂದ್ರು ಅಕ್ಕ?"

"ಏನಿಲ್ಲ. ಫೈಲು ಬೇಗ ಕಳಿಸು ಅಂದ್ರು."

"ನನ್ನ ಬಡ್ತಿ ವಿಷಯ?"

"ಅದೇನೂ ಎತ್ತಲಿಲ್ಲ."

ಅವಳು ತಲೆಯಾಡಿಸಿದಳು. ಆವತ್ತೇ ಸಂಜೆಯೊಳಗೆ ಆ ಫೈಲನ್ನು ಮುಗಿಸಿ ಕಳಿಸಿದಳು.

ಬಡ್ತಿ ಅವಳಿಗಿಂತ ಕಿರಿಯನೊಬ್ಬನಿಗೆ ಹೋಯಿತು. ಸ್ವಲ್ಪ ದಿನಕ್ಕೆ ಅವಳನ್ನು ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಹಾಕಿದರು. ಅಲ್ಲಿ ಫೋನೇ ಇಲ್ಲ, ಅವಳಿಗೆ ಅನುಕೂಲ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. ಕಿಟಕಿಯಿಲ್ಲದ ಆ ಕೋಣೆಗೆ ವಾರಕ್ಕೊಮ್ಮೆ ಚಿತ್ರಾನ್ನ, ಪುಳಿಯೋಗರೆ ಒಯ್ಯುತ್ತಿದ್ದೆ. ಹಳೆಯ ಕಡತಗಳ ಧೂಳಿನಿಂದ ಅವಳ ಬೆರಳ ತುದಿ ಸದಾ ಕಪ್ಪಾಗಿರುತ್ತಿತ್ತು. ಕೈ ತೊಳೆದು ಬಂದು ತಿನ್ನುತ್ತ ಕೇಳುತ್ತಿದ್ದಳು, "ಯಾರು ಬೇಡ ಅಂದಿರಬಹುದು ಅಕ್ಕ?"

"ಮೇಲಿನವರು. ಅವರ ಮನಸ್ಸು ಯಾರಿಗೆ ಗೊತ್ತು?"

ಎರಡು ವರ್ಷ ಅವಳು ನನ್ನ ಕೈಯಡುಗೆ ತಿಂದಳು. ಎರಡು ವರ್ಷ ನಾನು ಅವಳನ್ನು ಸಮಾಧಾನ ಮಾಡಿದೆ.

ಅಷ್ಟರಲ್ಲಿ ಮಾಹಿತಿ ಹಕ್ಕಿನ ಕಾನೂನು ಬಂತು. ಭಾನುವಾರದ ಗುಂಪಿನಲ್ಲಿ ಯಾರೋ ಅದರ ಬಗ್ಗೆ ಅವಳಿಗೆ ಹೇಳಿದರಂತೆ. ಅಂಗವೈಕಲ್ಯದ ಕಾರಣಕ್ಕೆ ಬಡ್ತಿ ತಡೆಯಬಾರದೆಂಬ ಕಾನೂನು ಮೊದಲಿನಿಂದಲೂ ಇದೆ ಎಂದೂ ಹೇಳಿದರಂತೆ. ಅವಳು ತನ್ನ ಬಡ್ತಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಬೇಕೆಂದು ಅರ್ಜಿ ಹಾಕಿದಳು. ಅರ್ಜಿ ನಮ್ಮ ಸೆಕ್ಷನ್ನಿಗೇ ಬಂತು. ಕಡತ ತೆಗೆದು ಪ್ರತಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಿತ್ತು.

ಹದಿಮೂರನೆಯ ಪುಟದಲ್ಲಿ ಅಂಡರ್ ಸೆಕ್ರೆಟರಿಯವರ ಕೈಬರಹ ಇತ್ತು. ಅದೇ ಶಾಖೆಯ, ಅದೇ ರಾಜ್ಯದ ಸಹೋದ್ಯೋಗಿಯನ್ನು ವಿಚಾರಿಸಲಾಯಿತು, ಫೋನಿನ ಕೆಲಸ ಈಕೆಗೆ ಕಷ್ಟವೆಂದು ಅವರ ಅಭಿಪ್ರಾಯ. ಮುಂದೆ ನನ್ನ ಹೆಸರು.

ನನ್ನ ಮಾತೊಂದರಿಂದಲೇ ಆಯಿತೆಂದು ಹೇಳುವುದಿಲ್ಲ. ಅವರು ಮೊದಲೇ ಮನಸ್ಸು ಮಾಡಿದ್ದರೇನೋ. ಆದರೆ ಆ ಹಾಳೆಯಲ್ಲಿ ಬೇರೆ ಯಾವ ಕಾರಣವೂ ಇರಲಿಲ್ಲ.

ಪಾನ್ ಜಗಿಯುತ್ತಿದ್ದ ಸೆಕ್ಷನ್ ಆಫೀಸರು ನನ್ನ ಮುಖ ನೋಡಿ, "ಛೋಡ್ ದೀಜಿಯೇ ಮ್ಯಾಡಮ್, ಏಕ್ ಪೇಜ್ ಹೀ ತೋ ಹೈ" ಎಂದರು. ಬಿಟ್ಟುಬಿಡಿ, ಒಂದು ಪುಟ ತಾನೆ. ನಾನು ಬಿಟ್ಟುಬಿಟ್ಟೆ. ಉಳಿದವನ್ನು ಪಿನ್ನು ಹೊಡೆದು ಕೆಳಗೆ ಕಳಿಸಿದೆ.

ಅರ್ಧ ಗಂಟೆಯಲ್ಲಿ ಅವಳು ಮೇಲೆ ಬಂದಳು. ಎರಡು ವರ್ಷ ರೆಕಾರ್ಡ್ ರೂಮಿನಲ್ಲಿ ಕಡತಗಳ ಪುಟಸಂಖ್ಯೆ ತಾಳೆ ನೋಡುವುದೇ ಅವಳ ಕೆಲಸವಾಗಿತ್ತು. ಹಾಳೆಗಳನ್ನು ನನ್ನ ಟೇಬಲ್ಲಿನ ಮೇಲೆ ಹರಡಿದಳು.

"ಹನ್ನೆರಡು ಇದೆ. ಹದಿನಾಲ್ಕು ಇದೆ. ಹದಿಮೂರು ಎಲ್ಲಿ ಅಕ್ಕ?"

"ಜೆರಾಕ್ಸ್‌ನವನು ಬಿಟ್ಟಿರಬೇಕು."

"ಪರವಾಗಿಲ್ಲ, ಮಾಡಿಸಿ ಕೊಡಿ. ಕಾಯ್ತೀನಿ."

ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ನನಗೆ ಬೇರೆ ದಾರಿ ಇರಲಿಲ್ಲ. ಯಂತ್ರದ ಬಳಿಗೆ ನಾನೇ ಹೋಗಿ, ಬಿಸಿಬಿಸಿ ಹಾಳೆ ತಂದು ಅವಳ ಕೈಗೆ ಕೊಟ್ಟೆ. ಅವಳು ಎದ್ದು ನಿಂತು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ನನ್ನನ್ನು ನೋಡಿದಳು.

"ಆವತ್ತು ನಾನು ಅಲ್ಲೇ ನಿಂತಿದ್ದೆ" ಎಂದಳು. ಅವಳ ದನಿಯಲ್ಲಿ ಏರಿಳಿತವಿಲ್ಲದ್ದರಿಂದ ಅದು ಕೋಪವೋ ದುಃಖವೋ ತಿಳಿಯಲಿಲ್ಲ. "ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ಫೈಲು ಬೇಗ ಕಳಿಸು ಅಂದ್ರು ಅಂದ್ರಿ."

ನಾನು ಮಾತಾಡತೊಡಗಿದೆ. ಏನು ಹೇಳಿದೆನೋ, ಮಗಳ ಪರೀಕ್ಷೆ ಅಂದೆ, ನಿನ್ನ ಒಳ್ಳೆಯದಕ್ಕೇ ಅಂದೆ. ಅವಳು ಕಣ್ಣು ತಗ್ಗಿಸಿ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. ಅಷ್ಟೇ, ನನ್ನ ಮಾತು ನಿಂತುಹೋಯಿತು. ಅವಳು ಕಿವಿ ಮುಚ್ಚಿಕೊಳ್ಳಬೇಕಾದರೆ ಕಣ್ಣು ತಗ್ಗಿಸಿದರೆ ಸಾಕು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ಏನಿದ್ರೂ ಬರೆದು ಕೊಡಿ ಮೇಡಂ" ಎಂದು ಹೇಳಿ ಹಾಳೆಗಳನ್ನು ಜೋಡಿಸಿಕೊಂಡು ಹೋದಳು. ಅಂದಿನಿಂದ ನಾನು ಅವಳಿಗೆ ಅಕ್ಕ ಆಗಿ ಉಳಿಯಲಿಲ್ಲ. ಬಸ್ಸಿನಲ್ಲಿ ಸೀಟಿನ ಮೇಲಿನ ಬ್ಯಾಗನ್ನು ಯಾರು ಬಂದರೂ ತೆಗೆಯುತ್ತಿದ್ದಳು. ನಾನು ಎದುರಾದರೆ ನಮಸ್ಕಾರ ಮಾಡುತ್ತಿದ್ದಳು, ಆದರೆ ನನ್ನ ಬಾಯಿಯ ಕಡೆ ನೋಡುತ್ತಿರಲಿಲ್ಲ.

ಬರೆದುಕೊಟ್ಟೆ. ಒಂದು ವಾರ ಕೂತು ಎರಡು ಪುಟ ಕನ್ನಡದಲ್ಲಿ ಬರೆದು, ನೆಲಮಾಳಿಗೆಗೆ ಹೋಗಿ ಅವಳ ಟೇಬಲ್ಲಿನ ಮೇಲಿಟ್ಟು ಬಂದೆ. ಮರುದಿನ ಅದು ಲಕೋಟೆಯಲ್ಲಿ ವಾಪಸು ಬಂತು. ಕೆಂಪು ಪೆನ್ಸಿಲಿನಲ್ಲಿ ತಿದ್ದಿದ್ದಳು. "ಯೋಚಿಸದೆ ಹೇಳಿಬಿಟ್ಟೆ" ಎಂಬುದನ್ನು ಹೊಡೆದು ಅಂಚಿನಲ್ಲಿ "ನಿಜವಲ್ಲ" ಎಂದು ಬರೆದಿದ್ದಳು. ಮಗಳ ಪರೀಕ್ಷೆಯ ಪ್ಯಾರಾಕ್ಕೆ ಉದ್ದಕ್ಕೂ ಗೆರೆ. ನಾನು ಅವಳಿಗೆ ಮಾಡಿದ ಉಪಕಾರಗಳು ಒಂದು ಪ್ಯಾರಾ ಇದ್ದವು, ಅದರ ಪಕ್ಕ "ಇಲ್ಲಿ ಬೇಡ". ಕೊನೆಗೆ ಗೆರೆಯಿಲ್ಲದೆ ಉಳಿದದ್ದು ಎರಡು ವಾಕ್ಯ: ನಾನು ನಿನ್ನ ವಿರುದ್ಧ ಹೇಳಿದೆ. ಆಮೇಲೆ ನಿನಗೆ ಸುಳ್ಳು ಹೇಳಿದೆ. ಅವುಗಳ ಕೆಳಗೆ, ನಮ್ಮ ಕರಡುಗಳ ಮೇಲೆ ಬರೆಯುತ್ತಿದ್ದ ಹಾಗೆಯೇ, "ಶುದ್ಧಪ್ರತಿ ಕೊಡಿ" ಎಂದಿತ್ತು.

ಎರಡು ವಾಕ್ಯ ನಕಲು ಮಾಡಿ ಸಹಿ ಹಾಕಬೇಕಿತ್ತು, ಅಷ್ಟೇ. ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ಮುಂದಕ್ಕೆ ಹಾಕಿದೆ. ಕೊಡಲಿಲ್ಲ.

ಅವಳು ಹದಿಮೂರನೆಯ ಪುಟವನ್ನು ಲಗತ್ತಿಸಿ ಮನವಿ ಸಲ್ಲಿಸಿದಳು. ಓಡಾಡಿದಳು. ವರ್ಷ ತುಂಬುವುದರೊಳಗೆ ಬಡ್ತಿಯೂ, ಹಿಂದಿನ ಜ್ಯೇಷ್ಠತೆಯೂ ಬಂದವು. ಮತ್ತೆ ಎರಡನೆಯ ಮಹಡಿಗೆ, ನನ್ನಿಂದ ಮೂರು ಟೇಬಲ್ ಆಚೆ ಬಂದು ಕೂತಳು. ಫೋನು ಎತ್ತಲು ಸ್ಟೆನೊ ಹುಡುಗಿಯನ್ನು ಕೊಟ್ಟರು. ಉಳಿದದ್ದೆಲ್ಲ ಫ್ಯಾಕ್ಸು, ಇ-ಮೇಲ್, ಮೊಬೈಲಿನ ಸಂದೇಶ. ನಾನು ಆಗದು ಎಂದ ಕೆಲಸ ನನ್ನ ಕಣ್ಣೆದುರಿಗೇ ದಿನವೂ ಆಗುತ್ತಿತ್ತು. ಸ್ಟೆನೊ ಹುಡುಗಿ ಅವಳಿಂದ ಕೈಸನ್ನೆ ಕಲಿತಳು. ಅವಳು ಆ ಹುಡುಗಿಯನ್ನು ಎದುರು ಕೂರಿಸಿಕೊಂಡು ಹಿಂದಿಯ ತುಟಿಗಳನ್ನು ಓದಲು ಕಲಿತಳು. ಚಳಿಗಾಲದ ಹುಲ್ಲುಹಾಸಿನಲ್ಲಿ ಈಗ ಅವರಿಬ್ಬರೂ ಎಲ್ಲರ ಜೊತೆಯಲ್ಲೇ ನಗುತ್ತಿದ್ದರು. ನಾನು ಸ್ವಲ್ಪ ದೂರದಲ್ಲಿ ಕೂರುತ್ತಿದ್ದೆ.

ನಾನು ನಿವೃತ್ತಳಾದ ದಿನ ಸೆಕ್ಷನ್ನಿನಲ್ಲಿ ಚಹಾ, ಸಮೋಸ, ಹಾರ ಎಲ್ಲ ಇತ್ತು. ಒಬ್ಬೊಬ್ಬರೇ ಎದ್ದು ನನ್ನನ್ನು ಹೊಗಳಿದರು. ಹೊಸದಾಗಿ ಬಂದಿದ್ದ ಅಂಡರ್ ಸೆಕ್ರೆಟರಿಗೆ ಹಳೆಯದೇನೂ ತಿಳಿಯದು. ಅವಳ ಕಡೆ ಕೈ ತೋರಿಸಿ, ನೀವೂ ಎರಡು ಮಾತು ಹೇಳಿ ಎಂದರು. ಬಾರದೆಯೇ ಇರಬಹುದೆಂದು ನಾನು ಅಂದುಕೊಂಡಿದ್ದವಳು ಎದ್ದು ನಿಂತಳು. ಕನ್ನಡದಲ್ಲಿ ಮಾತಾಡಿದಳು. ಆ ಕೋಣೆಯಲ್ಲಿ ಅದು ಅರ್ಥವಾಗುವುದು ನನಗೊಬ್ಬಳಿಗೇ ಎಂದು ಅವಳಿಗೆ ಗೊತ್ತಿತ್ತು.

"ಇವರು ಮೂರು ವರ್ಷ ನನಗೆ ಕಿವಿ ಆಗಿದ್ರು. ಆಮೇಲೆ ಒಂದು ದಿನ ನನ್ನ ಎದುರಿಗೇ ನನ್ನ ವಿರುದ್ಧ ಮಾತಾಡಿ, ಏನಿಲ್ಲ ಅಂದ್ರು. ಎರಡೂ ಇವರೇ ಮಾಡಿದ್ದು. ಒಂದನ್ನ ಬಿಟ್ಟು ಇನ್ನೊಂದನ್ನ ಹೇಳೋಕೆ ನನಗೆ ಬರಲ್ಲ. ಚೆನ್ನಾಗಿರಿ."

ಎಲ್ಲರೂ ನಗುಮುಖದಿಂದ ನನ್ನತ್ತ ತಿರುಗಿದರು. ಅಧಿಕಾರಿ ಕೇಳಿದರು, "ಕ್ಯಾ ಕಹಾ ಮ್ಯಾಡಮ್ ನೇ? ಆಪ್ ಹೀ ಬತಾಯಿಯೇ." ಏನು ಹೇಳಿದರು, ನೀವೇ ತಿಳಿಸಿ.

ಅವಳು ಕೂರಲಿಲ್ಲ. ಮೂರು ವರ್ಷಗಳ ನಂತರ ಮೊದಲ ಸಲ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಹೇಳಬೇಕಾದದ್ದು ನಾಲ್ಕೈದು ವಾಕ್ಯ. ಕೆಲಸ ಮುಗಿದಿತ್ತು, ಕಳೆದುಕೊಳ್ಳುವಂಥದ್ದು ನನಗೇನೂ ಉಳಿದಿರಲಿಲ್ಲ. ಕೊರಳಲ್ಲಿ ಚೆಂಡುಹೂವಿನ ಹಾರ, ಎದುರಿಗೆ ಅಷ್ಟು ಜನ, ಬಾಗಿಲಲ್ಲಿ ನನ್ನನ್ನು ಕರೆದೊಯ್ಯಲು ಆಗಷ್ಟೇ ಬಂದು ನಿಂತ ಗಂಡ ಮತ್ತು ಮಗಳು.

"ಶುಭಕಾಮನಾಯೇಂ ದೀ ಹೈ ಸರ್" ಎಂದೆ. "ಕೆಹ್ ರಹೀ ಹೈ ಕಿ ಮೈನೇ ಬಹುತ್ ಮದದ್ ಕೀ." ಶುಭ ಹಾರೈಸಿದ್ದಾರೆ, ನಾನು ತುಂಬ ಸಹಾಯ ಮಾಡಿದೆ ಎನ್ನುತ್ತಿದ್ದಾರೆ.

ಜೋರಾಗಿ ಚಪ್ಪಾಳೆ ಬಿತ್ತು. ನನ್ನ ತುಟಿ ಪೂರ್ತಿ ಮುಚ್ಚುವವರೆಗೆ ಅವಳು ನೋಡಿದಳು. ಅಷ್ಟು ಹಿಂದಿ ಅವಳಿಗೆ ಬಂದಿತ್ತು. ಆಮೇಲೆ ಸುತ್ತಲಿನವರನ್ನು ನೋಡಿ ತಾನೂ ಎರಡು ಸಲ ಕೈ ತಟ್ಟಿದಳು. ಸಮೋಸದ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೈ ಒರೆಸಿಕೊಂಡು, ತನ್ನ ಟೇಬಲ್ಲಿಗೆ ಹೋಗಿ ಕಡತ ಬಿಚ್ಚಿದಳು. ಅಧಿವೇಶನ ನಡೆಯುತ್ತಿತ್ತು. ಪಾರ್ಲಿಮೆಂಟಿನ ಪ್ರಶ್ನೆಯೊಂದಕ್ಕೆ ಅವಳ ಉತ್ತರ ಸಂಜೆಯೊಳಗೆ ಹೋಗಬೇಕಿತ್ತು.